ಬಿಡಿಭಾಗಗಳಿಂದ ಕಟ್ಟುವ ಕಾರು: ಲೋಟಸ್ ಸೆವೆನ್ ಮತ್ತು ಅದರ ಮನೆತನ

ಕಾರ್ಖಾನೆಯಿಂದ ಪೂರ್ಣರೂಪದಲ್ಲಿ ಹೊರಬರದೆ, ಚೌಕಟ್ಟು, ಎಂಜಿನ್, ಚಕ್ರ, ತಂತಿಜಾಲ ಎಂಬ ಬಿಡಿಭಾಗಗಳಾಗಿ ಕೊಂಡವನ ಮನೆಗೆ ಬಂದು, ಅವನ ಕೈಯಿಂದಲೇ ಜೋಡಣೆಗೊಳ್ಳುವ ಕಾರಿಗೆ ಕಿಟ್ ಕಾರು ಎಂದು ಹೆಸರು. ಈ ಜಾತಿಯ ವಾಹನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬ್ರಿಟನ್ನಿನ ಲೋಟಸ್ ಸೆವೆನ್. 1957ರಲ್ಲಿ ಹುಟ್ಟಿದ ಈ ಪುಟ್ಟ ಕಾರು ಕೇಟರ್‌ಹ್ಯಾಮ್ ಸೆವೆನ್ ಎಂಬ ಹೆಸರಿನಲ್ಲಿ ಇಂದಿಗೂ ತಯಾರಾಗುತ್ತಿದೆ. ಹಗುರ ಕಾರಿನ ವಿಡಿಯೊಗಳನ್ನು ಮೊಬೈಲಿನಲ್ಲಿ ಕಂಡ ಮಕ್ಕಳು ‘ಇದನ್ನು ನಾವೂ ಮನೆಯಲ್ಲಿ ಕಟ್ಟಬಹುದೇ?’ ಎಂದು ಕೇಳುವ ಕಾಲ ಇದು. ಆ ಪ್ರಶ್ನೆಗೆ ತಂದೆತಾಯಿಯರು ತಿಳಿದು ಉತ್ತರಿಸುವಂತಾಗಲೆಂದು ಈ ಕಾರಿನ ಚರಿತ್ರೆ, ರಚನೆ, ಪಾಲನೆ, ಮಾರ್ಪಾಡು ಮತ್ತು ನಮ್ಮ ದೇಶದ ಕಾನೂನನ್ನು ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ತೆರಿಗೆಯಿಂದ ಹುಟ್ಟಿದ ಕಾರು

ಲೋಟಸ್ ಸಂಸ್ಥೆಯ ಸ್ಥಾಪಕ ಕಾಲಿನ್ ಚಾಪ್ಮನ್ ಒಬ್ಬ ಎಂಜಿನಿಯರ್. ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ಪಂದ್ಯದ ಕಾರಾಗಿ ಕಟ್ಟಿದ್ದೇ ಅವರ ಮೊದಲ ಪ್ರಯೋಗ. ಎಂಜಿನ್ನಿನ ಬಲವನ್ನು ಹೆಚ್ಚಿಸುವುದಕ್ಕಿಂತ ಕಾರಿನ ತೂಕವನ್ನು ಇಳಿಸುವುದು ಮೇಲು ಎಂಬುದು ಅವರ ಜೀವಮಾನದ ನಂಬಿಕೆ. ಅಂದಿನ ಬ್ರಿಟನ್ನಿನಲ್ಲಿ ಹೊಸ ಕಾರಿಗೆ ಭಾರಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡರೆ ಆ ತೆರಿಗೆ ತಗಲುತ್ತಿರಲಿಲ್ಲ. ಆದರೆ ಜೋಡಣೆಯ ಕೈಪಿಡಿಯನ್ನು ಜೊತೆಗೆ ಕೊಡುವಂತಿರಲಿಲ್ಲ. ಇದಕ್ಕೆ ಲೋಟಸ್ ಸಂಸ್ಥೆ ಕಂಡುಕೊಂಡ ಉಪಾಯವೆಂದರೆ ಬಿಚ್ಚುವ ಕೈಪಿಡಿಯನ್ನು ಕೊಡುವುದು. ಕೊಂಡವನು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಳ್ಳಬೇಕು ಎಂಬ ಕಥೆ ಕಾರುಪ್ರಿಯರ ನಡುವೆ ಇಂದಿಗೂ ಪ್ರಚಲಿತವಾಗಿದೆ. ಕಾನೂನಿನ ಅಕ್ಷರವನ್ನು ಪಾಲಿಸಿ ಅರ್ಥವನ್ನು ಜಾರಿಸಿದ ಈ ಜಾಣತನ ನಮ್ಮ ತೆನಾಲಿ ರಾಮನಿಗೂ ಮೆಚ್ಚಿಗೆಯಾದೀತು.

ಮೊದಲ ಸರಣಿಯ ಸೆವೆನ್‌ನಲ್ಲಿ ಇದ್ದದ್ದು 1172 ಸಿಸಿಯ ಫೋರ್ಡ್ ಎಂಜಿನ್. ಅದರ ಬಲ ಸುಮಾರು 40 ಅಶ್ವಶಕ್ತಿ. ಇಂದಿನ ನಮ್ಮ ಅತಿ ಸಣ್ಣ ಕಾರುಗಳಿಗೂ ಅದಕ್ಕಿಂತ ಹೆಚ್ಚು ಬಲವಿದೆ. ಆದರೂ ಅರ್ಧ ಟನ್ನಿಗಿಂತ ಕಡಿಮೆ ತೂಕದ ಆ ಕಾರು ಪಂದ್ಯಗಳಲ್ಲಿ ತನಗಿಂತ ದೊಡ್ಡವುಗಳನ್ನು ಹಿಂದಿಕ್ಕುತ್ತಿತ್ತು. 1960ರಲ್ಲಿ ಎರಡನೆಯ, 1968ರಲ್ಲಿ ಮೂರನೆಯ, 1970ರಲ್ಲಿ ನಾಲ್ಕನೆಯ ಸರಣಿ ಬಂದವು. 1967ರಲ್ಲಿ ಪ್ರಸಾರವಾದ ‘ದಿ ಪ್ರಿಸನರ್’ ಎಂಬ ದೂರದರ್ಶನ ಧಾರಾವಾಹಿಯ ನಾಯಕ ಇದೇ ಕಾರನ್ನು ಓಡಿಸಿದ್ದರಿಂದ ಅದರ ಹೆಸರು ಮನೆಮನೆಗೆ ತಲುಪಿತು.

1973ರಲ್ಲಿ ಬ್ರಿಟನ್ ಖರೀದಿ ತೆರಿಗೆಯನ್ನು ತೆಗೆದು ಮೌಲ್ಯವರ್ಧಿತ ತೆರಿಗೆಯನ್ನು ತಂದಿತು. ಕಿಟ್ ಕೊಳ್ಳುವವನಿಗೆ ಇದ್ದ ಲಾಭ ಅಲ್ಲಿಗೆ ಮುಗಿಯಿತು. ಲೋಟಸ್ ಸಂಸ್ಥೆಯೂ ದುಬಾರಿ ಕಾರುಗಳತ್ತ ಹೊರಳಿತ್ತು. ಅದೇ ವರ್ಷ ಗ್ರಹಾಂ ನಿಯರ್ನ್ ಅವರ ಕೇಟರ್‌ಹ್ಯಾಮ್ ಕಾರ್ಸ್ ಸೆವೆನ್‌ನ ಹಕ್ಕುಗಳನ್ನು ಪಡೆಯಿತು. ಜನ ಅಷ್ಟಾಗಿ ಒಪ್ಪದ ನಾಲ್ಕನೆಯ ಸರಣಿಯನ್ನು ಬಿಟ್ಟು 1974ರಲ್ಲಿ ಮೂರನೆಯ ಸರಣಿಗೇ ಮರಳಿತು. 2021ರಲ್ಲಿ ಜಪಾನಿನ ವಿಟಿ ಹೋಲ್ಡಿಂಗ್ಸ್ ಈ ಸಂಸ್ಥೆಯನ್ನು ಕೊಂಡಿತು. ಇದೇ ಮಾದರಿಯನ್ನು ಅನುಸರಿಸಿ ಬ್ರಿಟನ್ನಿನ ವೆಸ್ಟ್‌ಫೀಲ್ಡ್, ನೆದರ್‌ಲೆಂಡ್ಸ್‌ನ ಡೋಂಕರ್‌ವೋರ್ಟ್, ದಕ್ಷಿಣ ಆಫ್ರಿಕದ ಬರ್ಕಿನ್ ಕಾರುಗಳು ಬಂದವು. 1996ರಲ್ಲಿ ರಾನ್ ಚಾಂಪಿಯನ್ ಅವರು ಅತಿ ಕಡಿಮೆ ಖರ್ಚಿನಲ್ಲಿ ಇಂಥ ಕಾರನ್ನು ಉಕ್ಕಿನ ಕೊಳವೆ ಕತ್ತರಿಸುವುದರಿಂದ ಮೊದಲ್ಗೊಂಡು ಕಟ್ಟುವ ಬಗೆಯನ್ನು ಪುಸ್ತಕವಾಗಿ ಬರೆದರು. ಆ ದಾರಿಯಲ್ಲಿ ಕಟ್ಟಿದ ಕಾರುಗಳಿಗೆ ‘ಲೋಕಾಸ್ಟ್’ ಎಂದು ಹೆಸರಾಯಿತು.

ರಚನೆ: ತ್ರಿಕೋನದ ಬಲ

ನಾಲ್ಕು ಬಿದಿರು ಕಡ್ಡಿಗಳನ್ನು ತುದಿಗಳಲ್ಲಿ ಕಟ್ಟಿ ಚೌಕ ಮಾಡಿ ಅದುಮಿದರೆ ಅದು ವಾಲುತ್ತದೆ. ಮೂರು ಕಡ್ಡಿಗಳ ತ್ರಿಕೋನ ವಾಲದು. ಕಡ್ಡಿ ಮುರಿಯದೆ ಅಥವಾ ಬಾಗದೆ ಅದರ ಆಕಾರ ಬದಲಾಗಲು ಸಾಧ್ಯವಿಲ್ಲ. ಹೆಂಚಿನ ಮನೆಯ ಮಾಡನ್ನು ಹೊತ್ತು ನಿಂತಿರುವ ಮರದ ಕತ್ತರಿಯಲ್ಲಿ ಇರುವುದು ಇದೇ ತತ್ತ್ವ. ಸೆವೆನ್‌ನ ಚೌಕಟ್ಟು ತೆಳು ಉಕ್ಕಿನ ಕೊಳವೆಗಳನ್ನು ಹೀಗೆ ತ್ರಿಕೋನಗಳಾಗಿ ಬೆಸೆದು ಮಾಡಿದ ಪಂಜರ. ಅದರ ಮೇಲೆ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹಾಕಿ ಕೂರಿಸುತ್ತಾರೆ. ಮೂಗು ಮತ್ತು ಚಕ್ರದ ರೆಕ್ಕೆಗಳು ಸಾಮಾನ್ಯವಾಗಿ ಫೈಬರ್‌ಗ್ಲಾಸಿನವು. ಎಂಜಿನ್ ಮುಂದೆ, ಚಾಲನೆ ಹಿಂದಿನ ಚಕ್ರಗಳಿಗೆ. ಮುಂದಿನ ಚಕ್ರಗಳನ್ನು ಎರಡು ಕವೆಗೋಲಿನಂಥ ತೋಳುಗಳು ಹಿಡಿದಿರುತ್ತವೆ. ಹಿಂದೆ ಮೊದಲು ಗಟ್ಟಿ ಅಚ್ಚು ಇತ್ತು, 1980ರ ದಶಕದಲ್ಲಿ ಕೇಟರ್‌ಹ್ಯಾಮ್ ‘ಡಿ ಡಿಯಾನ್’ ಎಂಬ ವ್ಯವಸ್ಥೆಯನ್ನು ತಂದಿತು.

ತೂಕದ ಲೆಕ್ಕವನ್ನು ಮಕ್ಕಳು ತಾವೇ ಮಾಡಿ ನೋಡಬಹುದು. ಕೇಟರ್‌ಹ್ಯಾಮ್ 170 ಎಂಬ ಮಾದರಿಯ ತೂಕ 440 ಕಿಲೊ. ಅದರ 660 ಸಿಸಿಯ ಸುಜುಕಿ ಟರ್ಬೊ ಎಂಜಿನ್ನಿನ ಬಲ 84 ಅಶ್ವಶಕ್ತಿ. ಒಂದು ಟನ್ನಿಗೆ ಸುಮಾರು 190 ಅಶ್ವಶಕ್ತಿ ಎಂದಾಯಿತು. ಅಷ್ಟೇ ಬಲವಿರುವ, ಒಂದು ಟನ್ ತೂಕದ ಸಂಸಾರದ ಕಾರಿಗೆ ಟನ್ನಿಗೆ 84 ಮಾತ್ರ. ತೂಕ ಅರ್ಧವಾದರೆ ಅದೇ ವೇಗದಲ್ಲಿ ಬ್ರೇಕು ಹೀರಬೇಕಾದ ಚಲನಶಕ್ತಿಯೂ ಅರ್ಧವಾಗುತ್ತದೆ; ಟೈರು ಕಡಿಮೆ ಸವೆಯುತ್ತದೆ, ಪೆಟ್ರೋಲು ಉಳಿಯುತ್ತದೆ. ಆದರೆ ಇದೇ ಲೆಕ್ಕದ ಇನ್ನೊಂದು ಮುಖವನ್ನೂ ನೋಡಬೇಕು. 70 ಕಿಲೊ ತೂಗುವ ಚಾಲಕ ಕುಳಿತೊಡನೆ ಈ ಕಾರಿನ ತೂಕ ಶೇಕಡ 16ರಷ್ಟು ಏರುತ್ತದೆ. ಕಾರಿಗೆ ಸಾವಿರಗಟ್ಟಲೆ ಸುರಿದು ಹತ್ತು ಕಿಲೊ ಇಳಿಸುವವರು ತಮ್ಮ ಹೊಟ್ಟೆಯ ಹತ್ತು ಕಿಲೊ ಮರೆಯುತ್ತಾರೆ ಎಂಬ ಹಾಸ್ಯಕ್ಕೆ ಇದೇ ಆಧಾರ.

ಕಟ್ಟುವ ಕೆಲಸ

ಕೇಟರ್‌ಹ್ಯಾಮ್ ಕಿಟ್‌ನ ಜೋಡಣೆಗೆ ಮನೆಯಲ್ಲಿ ಸುಮಾರು 80ರಿಂದ 100 ಗಂಟೆ ಬೇಕು. ಚೌಕಟ್ಟು ಬೆಸೆದು, ತಗಡು ಹೊದಿಸಿ ಬಂದಿರುತ್ತದೆ. ಲೋಕಾಸ್ಟ್ ದಾರಿ ಹಿಡಿದವನಿಗೆ ವರ್ಷಗಳೇ ಬೇಕಾಗುತ್ತವೆ, ಏಕೆಂದರೆ ಬೆಸುಗೆಯೂ ಅವನದೇ. ಬೆಸುಗೆ ಹೊರಗೆ ನಯವಾಗಿ ಕಂಡು ಒಳಗೆ ಹಿಡಿಯದೇ ಇದ್ದರೆ ಅದು ಗೊತ್ತಾಗುವುದು ಗುಂಡಿಯೊಂದಕ್ಕೆ ಚಕ್ರ ಬಡಿದಾಗಲೇ. ಆದ್ದರಿಂದ ಬೆಸುಗೆಯನ್ನು ಬಲ್ಲವರಿಗೆ ಬಿಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಈ ಕೆಲಸದ ಮುಖ್ಯ ಉಪಕರಣ ಟಾರ್ಕ್ ವ್ರೆಂಚ್. ಪ್ರತಿ ಬೋಲ್ಟಿಗೂ ಇಷ್ಟೇ ಬಿಗಿ ಎಂಬ ಅಳತೆ ಉಂಟು. ಕಡಿಮೆಯಾದರೆ ಸಡಿಲುತ್ತದೆ, ಹೆಚ್ಚಾದರೆ ಎಳೆದು ತುಂಡಾಗುತ್ತದೆ. ‘ಕೈಗೆ ಗಟ್ಟಿ ಅನ್ನಿಸಿತು’ ಎಂಬುದು ಅಳತೆಯಲ್ಲ. ಬಿಗಿ ಮಾಡಿದ ಬೋಲ್ಟಿನ ತಲೆಯ ಮೇಲೂ ಪಕ್ಕದ ಲೋಹದ ಮೇಲೂ ಸೇರುವಂತೆ ಬಣ್ಣದ ಒಂದು ಗೆರೆ ಎಳೆಯುವುದು ಹಳೆಯ ರೂಢಿ. ಬೋಲ್ಟು ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಮುಂದೆ ಪರೀಕ್ಷಿಸಲು ಕಣ್ಣೊಂದೇ ಸಾಕು. ನೈಲಾನ್ ಬಳೆ ಇರುವ ನಟ್ಟನ್ನು ಬಿಚ್ಚಿದ ಮೇಲೆ ಮತ್ತೆ ಬಳಸದೆ ಹೊಸದನ್ನು ಹಾಕಬೇಕು. ಮೊದಲ ಕೆಲವು ನೂರು ಕಿಲೊಮೀಟರ್ ಓಡಿದ ನಂತರ ಎಲ್ಲ ಬೋಲ್ಟುಗಳನ್ನೂ ಮತ್ತೊಮ್ಮೆ ಅಳತೆಗೆ ಬಿಗಿಯಬೇಕು, ಏಕೆಂದರೆ ಹೊಸ ಭಾಗಗಳು ಒಂದಕ್ಕೊಂದು ಒಗ್ಗಿ ಕುಳಿತುಕೊಳ್ಳುತ್ತವೆ.

ಕಟ್ಟಿದ ಮಾತ್ರಕ್ಕೆ ಬ್ರಿಟನ್ನಿನಲ್ಲೂ ರಸ್ತೆಗಿಳಿಯುವಂತಿಲ್ಲ. ಒಂಟಿ ವಾಹನಗಳಿಗೆಂದೇ ಇರುವ ಸರಕಾರಿ ಅನುಮೋದನೆಯ ಪರೀಕ್ಷೆಯನ್ನು ಅದು ದಾಟಬೇಕು. ಬ್ರೇಕು, ದೀಪ, ಹೊಗೆ, ಶಬ್ದ, ಸೀಟುಪಟ್ಟಿಯ ಕೊಂಡಿ ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ದಾರಿಹೋಕನಿಗೆ ತಗಲಬಹುದಾದ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯಕ್ಕೆ ದುಂಡಾಗಿರಬೇಕು ಎಂಬಷ್ಟು ಸೂಕ್ಷ್ಮ ನಿಯಮಗಳಿವೆ. ಭಾಗಗಳ ವಯಸ್ಸು, ಮೂಲ ಖಚಿತವಾಗದ ಕಾರಿಗೆ ‘ಕ್ಯೂ’ ಅಕ್ಷರದಿಂದ ಆರಂಭವಾಗುವ ಫಲಕ ಕೊಡುತ್ತಾರೆ.

ಪಾಲನೆ

ಹಗುರ ಕಾರನ್ನು ಸಾಮಾನ್ಯ ಕಾರಿನಂತೆ ವರ್ಷಕ್ಕೊಮ್ಮೆ ಗ್ಯಾರೇಜಿಗೆ ಬಿಟ್ಟರೆ ಸಾಲದು. ಹೊರಡುವ ಮುನ್ನ ಸುತ್ತ ಒಮ್ಮೆ ಕಣ್ಣಾಡಿಸುವುದು, ಚಕ್ರದ ನಟ್ಟು ಮುಟ್ಟಿ ನೋಡುವುದು ಒಡೆಯನ ನಿತ್ಯಕರ್ಮ.

ಮೊದಲ ಶತ್ರು ತುಕ್ಕು. ಉಕ್ಕಿನ ಕೊಳವೆಗೆ ಅಲ್ಯೂಮಿನಿಯಂ ತಗಡು ಅಂಟಿಕೊಂಡಿರುವಲ್ಲಿ ಉಪ್ಪುನೀರು ಸೇರಿದರೆ ಅದು ಪುಟ್ಟ ವಿದ್ಯುತ್ಕೋಶದಂತಾಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಎರಡು ಲೋಹಗಳನ್ನು ಲವಣದ್ರಾವಣದಲ್ಲಿ ಮುಳುಗಿಸಿ ದೀಪ ಬೆಳಗಿಸುವಾಗ ನಡೆಯುವುದೂ ಇದೇ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ರಿವೆಟ್ಟುಗಳು ಸಡಿಲುತ್ತವೆ. ಬ್ರಿಟನ್ನಿನಲ್ಲಿ ಚಳಿಗಾಲದ ರಸ್ತೆಗೆ ಚೆಲ್ಲುವ ಉಪ್ಪು ಈ ಕೆಲಸ ಮಾಡುತ್ತದೆ. ಕಾಸರಗೋಡಿನಂಥ ಕರಾವಳಿಯಲ್ಲಿ ಕಡಲಗಾಳಿ ಯಾವ ವಾಹನಕ್ಕೂ ಇದನ್ನೇ ಮಾಡುತ್ತದೆ. ಕೊಳವೆಯ ಬಣ್ಣ ಕಲ್ಲು ಸಿಡಿದು ಎದ್ದಲ್ಲಿ ಕೂಡಲೇ ಒರೆಸಿ ಬಳಿಯುವುದೇ ಮದ್ದು.

ಎರಡನೆಯದು ಟೈರು. ಇಂಥ ಕಾರುಗಳು ವರ್ಷಕ್ಕೆ ಓಡುವುದು ಸ್ವಲ್ಪವೇ. ಆದ್ದರಿಂದ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳು ಅಚ್ಚಾಗಿರುತ್ತವೆ: ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರ. ಈ ಅಂಕೆ ನಮ್ಮ ಸ್ಕೂಟರು, ಶಾಲಾವಾಹನಗಳ ಟೈರಿನ ಮೇಲೂ ಇದೆ. ಓದಿ ನೋಡುವುದು ಒಳ್ಳೆಯದು. ಗಾಳಿಯ ಒತ್ತಡವೂ ಬೇರೆ. ಸಂಸಾರದ ಕಾರಿಗೆ 30ರ ಮೇಲೆ ಬೇಕಾದರೆ ಸೆವೆನ್‌ಗೆ 18ರಿಂದ 20 ಪಿಎಸ್‌ಐ ಸಾಕು. ಹೆಚ್ಚು ತುಂಬಿದರೆ ಹಗುರ ಕಾರು ರಸ್ತೆಗೆ ಒತ್ತಿಕೊಳ್ಳದೆ ಪುಟಿಯುತ್ತದೆ.

ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರುತ್ತದೆ. ತೇವ ಸೇರಿದ ದ್ರವ ಕಾದಾಗ ಗುಳ್ಳೆಗಟ್ಟಿ ಪೆಡಲು ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಂಜಿನ್ನಿನ ತೈಲತೊಟ್ಟಿ ನೆಲಕ್ಕೆ ಬಹು ಹತ್ತಿರ. ನಮ್ಮೂರ ಹಂಪುಗಳನ್ನು ನೆನೆದರೇ ಈ ಕಾರಿಗೆ ಜ್ವರ ಬಂದೀತು. ತೀವ್ರ ತಿರುವಿನಲ್ಲಿ ತೈಲವೆಲ್ಲ ಒಂದು ಬದಿಗೆ ಸರಿದು ಪಂಪು ಗಾಳಿ ಕುಡಿದರೆ ಬೇರಿಂಗುಗಳು ಕ್ಷಣದಲ್ಲಿ ಕೆಡುತ್ತವೆ. ತೊಟ್ಟಿಯೊಳಗೆ ಅಡ್ಡಗೋಡೆಗಳನ್ನು ಕೂರಿಸುವುದು ಇದಕ್ಕಾಗಿ.

ಮಾರ್ಪಾಡು

ಹೊಸಬರು ಮೊದಲು ಎಂಜಿನ್ನಿಗೆ ಕೈ ಹಾಕುತ್ತಾರೆ. ಅನುಭವಿಗಳ ಕ್ರಮ ಇದಕ್ಕೆ ತಿರುಗುಮುರುಗು: ಮೊದಲು ಟೈರು, ಅನಂತರ ಬ್ರೇಕು, ಚಕ್ರಗಳ ಕೋನ, ಸೀಟು, ನಾಲ್ಕು ಕಡೆ ಬಿಗಿಯುವ ಪಟ್ಟಿ, ತಲೆಯ ಹಿಂದಿನ ರಕ್ಷಣಾ ಕಮಾನು, ಎಂಜಿನ್ ಕಡೆಯದು. ಖರ್ಚು ಹೆಚ್ಚಿಲ್ಲದೆ ಅತ್ಯಂತ ಫಲ ಕೊಡುವ ಕೆಲಸವೆಂದರೆ ನಾಲ್ಕು ಚಕ್ರಗಳ ಕೆಳಗೆ ನಾಲ್ಕು ತಕ್ಕಡಿ ಇಟ್ಟು, ಚಾಲಕನನ್ನು ಕೂರಿಸಿ ತೂಗುವುದು. ಎಡಮುಂದಿನ ಮತ್ತು ಬಲಹಿಂದಿನ ಚಕ್ರಗಳ ಭಾರದ ಮೊತ್ತ ಒಟ್ಟು ತೂಕದ ಅರ್ಧಕ್ಕೆ ಹತ್ತಿರ ಬರುವವರೆಗೆ ಸ್ಪ್ರಿಂಗುಗಳ ಎತ್ತರವನ್ನು ತಿರುಗಿಸುತ್ತಾರೆ. ಒಂದು ಕಾಲು ಗಿಡ್ಡವಾದ ಮಣೆ ಹೇಗೆ ಅಲುಗಾಡುತ್ತದೆಯೋ ಹಾಗೆ, ಈ ಹೊಂದಿಕೆ ಇಲ್ಲದ ಕಾರು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ತಿರುಗುತ್ತದೆ.

ಎಂಜಿನ್ನಿನ ಬಲ ಹೆಚ್ಚಿಸುವುದಕ್ಕೂ ಮಿತಿ ಉಂಟು. ಕೇಟರ್‌ಹ್ಯಾಮ್ 620ಆರ್ ಮಾದರಿಗೆ 310 ಅಶ್ವಶಕ್ತಿ ಇದೆ. ಆದರೆ ತೆರೆದ ಚಕ್ರ, ನೇರ ಗಾಜಿನ ಈ ಆಕಾರ ಗಾಳಿಯನ್ನು ಸೀಳದೆ ನೂಕುತ್ತದೆ. ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಬಲ ವೇಗದ ಘನದಂತೆ ಏರುತ್ತದೆ; ವೇಗ ಇಮ್ಮಡಿಯಾದರೆ ಬಲ ಎಂಟು ಮಡಿ.

ಅಪಾಯವನ್ನು ಮುಚ್ಚಿಡಬಾರದು. ಸೆವೆನ್‌ನಲ್ಲಿ ಗಾಳಿಚೀಲವಿಲ್ಲ, ಬಾಗಿಲೆಂಬುದು ಬರಿಯ ಬಟ್ಟೆ. ಚಾಲಕನ ತಲೆ ಲಾರಿಯ ಚಕ್ರದ ಎತ್ತರಕ್ಕಿರುತ್ತದೆ. ಲಾರಿಯವನಿಗೆ ಅವನು ಕಾಣುವುದೇ ಇಲ್ಲ. ತಲಪಾಡಿಯಿಂದ ಕಾಸರಗೋಡಿಗೆ, ಹೊಸೂರಿನಿಂದ ಕೃಷ್ಣಗಿರಿಗೆ ಹೆದ್ದಾರಿಯಲ್ಲಿ ಹೋಗುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಮ್ಮ ದೇಶದ ಕಾನೂನು

ಭಾರತದಲ್ಲಿ ಮನೆಯಲ್ಲಿ ಕಟ್ಟಿದ ಕಾರೊಂದನ್ನು ಪರೀಕ್ಷೆಗೆ ಒಡ್ಡಿ ನೋಂದಾಯಿಸಲು ಬ್ರಿಟನ್ನಿನಂಥ ಸುಲಭ ದಾರಿ ಇಲ್ಲ. ಇಲ್ಲಿ ವಾಹನದ ಮಾದರಿಗೆ ಪುಣೆಯ ಎಆರ್‌ಎಐಯಂಥ ಅಧಿಕೃತ ಸಂಸ್ಥೆಯ ಅನುಮೋದನೆ ಬೇಕು. ಅದು ತಯಾರಕರಿಗೆ ಹೊಂದುವ ಖರ್ಚು. ಇದ್ದ ವಾಹನವನ್ನು ಬದಲಿಸುವುದಕ್ಕೂ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡವಿದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಣೆಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಸಿಎನ್‌ಜಿ ಅಳವಡಿಕೆ, ಅಂಗವಿಕಲರ ಅನುಕೂಲಕ್ಕಾಗಿ ಮಾಡುವ ಬದಲಾವಣೆ ಮುಂತಾದವಕ್ಕೆ ಅನುಮತಿಯ ದಾರಿ ಇದೆ. ಇದು ಕೇಂದ್ರದ ಕಾಯ್ದೆಯಾದ್ದರಿಂದ ಗಡಿಯ ಈಚೆಗೂ ಆಚೆಗೂ ಒಂದೇ.

ತಂದೆತಾಯಿಯರು ಮುಖ್ಯವಾಗಿ ತಿಳಿಯಬೇಕಾದುದು 199ಎ ಕಲಂ. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ ಮತ್ತು 25,000 ರೂಪಾಯಿ ದಂಡ; ವಾಹನದ ನೋಂದಣಿ 12 ತಿಂಗಳು ರದ್ದು; ಆ ಮಗುವಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಸೈಲೆನ್ಸರ್ ಬದಲಿಸಿದ ಬೈಕನ್ನು ಹತ್ತನೆಯ ತರಗತಿಯ ಹುಡುಗನ ಕೈಗೆ ಕೊಡುವ ಮನೆ ಈ ಎರಡು ಕಲಮುಗಳಿಗೂ ಒಟ್ಟಿಗೇ ಸಿಕ್ಕಿಬೀಳುತ್ತದೆ.

ಹಾಗಾದರೆ ಕಟ್ಟುವ ಆಸೆಯಿರುವ ಮಗುವಿಗೆ ದಾರಿ? ರಸ್ತೆಯಲ್ಲಲ್ಲ, ಪಂದ್ಯದ ಅಂಕಣದಲ್ಲಿ ಇದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಂಡವಾಗಿ ತಾವೇ ಕಟ್ಟಿದ ಒಂಟಿ ಆಸನದ ಕಾರುಗಳನ್ನು ತರುವ ‘ಫಾರ್ಮುಲಾ ಭಾರತ್’ ಸ್ಪರ್ಧೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿದೆ. ಅದು ನೀಲಗಿರಿ, ತಾಳವಾಡಿಯ ಕನ್ನಡಿಗರಿಗೆ ಬೆಟ್ಟ ಇಳಿದರೆ ಸಿಗುವ ಊರು. ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜಿನ ‘ಅಶ್ವ ರೇಸಿಂಗ್’ ಈ ಬಗೆಯ ಹಳೆಯ ತಂಡಗಳಲ್ಲೊಂದು. ಪೆಟ್ರೋಲ್ ವಿಭಾಗದಲ್ಲಿ ಎಂಜಿನ್ 710 ಸಿಸಿ ಮೀರುವಂತಿಲ್ಲ; ಅದು ಉಸಿರಾಡುವ ಗಾಳಿಯೆಲ್ಲ 20 ಮಿಲಿಮೀಟರ್ ರಂಧ್ರದ ಮೂಲಕವೇ ಹೋಗಬೇಕು. ಕಾರನ್ನು 60 ಡಿಗ್ರಿ ವಾಲಿಸಿದರೂ ಅದು ಮಗುಚಬಾರದು, ತೈಲ ಸೋರಬಾರದು. ಪಟ್ಟಿ ಬಿಗಿದು ಕುಳಿತ ಚಾಲಕ ಐದು ಸೆಕೆಂಡಿನೊಳಗೆ ಹೊರಬರಬೇಕು. ಇವೆಲ್ಲ ದಾಟಿದ ಮೇಲಷ್ಟೇ ಕಾರು ಅಂಕಣಕ್ಕಿಳಿಯುತ್ತದೆ.