ಮೈಸೂರಿನ ನೊಣಕ್ಕೊಂದು ಹೆಸರು

ಅಕಶೇರುಕಗಳೆಂದರೆ, ಅಂದರೆ ಬೆನ್ನೆಲುಬಿಲ್ಲದ ಪ್ರಾಣಿಗಳೆಂದರೆ, ಪ್ರಾಣಿಶಾಸ್ತ್ರ ಓದಿದವರಿಗೆ ಮೊದಲು ನೆನಪಾಗುವುದು ಫಾರ್ಮಲಿನ್ ವಾಸನೆ. ಗಾಜಿನ ಜಾಡಿಗಳ ಸಾಲು; ಒಂದರಲ್ಲಿ ಸ್ಪಂಜು, ಇನ್ನೊಂದರಲ್ಲಿ ಲಾಡಿಹುಳು, ಮುಂದೆ ಜಿಗಣೆ, ಏಡಿ, ನಕ್ಷತ್ರಮೀನು. ಲೋಕದ ಪ್ರಾಣಿಪ್ರಭೇದಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚಿನವು ಈ ವರ್ಗಕ್ಕೆ ಸೇರಿದವು. ಆದರೂ ಅವುಗಳ ವೈವಿಧ್ಯವನ್ನು ಏಕಕೋಶಜೀವಿಯಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಮನುಷ್ಯನವರೆಗೆ ಏರುವ ಮೆರವಣಿಗೆಯಂತೆ ಬಾಯಿಪಾಠ ಮಾಡಿ ಪರೀಕ್ಷೆ ಬರೆದವರು ನಮ್ಮಲ್ಲಿ ಅಸಂಖ್ಯ. ಜೀವವಿಕಾಸವು ಎಂದೋ, ಯಾವುದೋ ಸಮುದ್ರದ ತಳದಲ್ಲಿ ನಡೆದು ಮುಗಿದುಹೋದ ಸಂಗತಿ ಎಂಬ ಭಾವನೆ ಇದರಿಂದ ಬೇರೂರಿತು. ಅದೇ ವಿಕಾಸವನ್ನು ಹಾಲಿನ ಸೀಸೆಯೊಳಗೆ ಕಣ್ಣಾರೆ ಕಾಣುವ ಪ್ರಯತ್ನ ನಮ್ಮ ಮೈಸೂರಿನಲ್ಲೇ ನಡೆದದ್ದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಹೆಸರು ಮೈಸೂರಿನದಾದರೂ ವಿಜ್ಞಾನದ ಉನ್ನತ ಬೋಧನೆ ಬಹುಕಾಲ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿಯೇ ನಡೆಯುತ್ತಿತ್ತು. ಅಲ್ಲಿ ಪ್ರಾಣಿಶಾಸ್ತ್ರಕ್ಕೆ ಬುನಾದಿ ಹಾಕಿದವರು ಸಿ. ಆರ್. ನಾರಾಯಣ ರಾವ್. 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಆದರೆ ಅವರ ಒಲವು ಕಪ್ಪೆಗಳ ಕಡೆಗೆ. 1960ರಲ್ಲಿ, ಕುವೆಂಪು ಅವರು ಕುಲಪತಿಗಳಾಗಿದ್ದಾಗ, ಮಾನಸಗಂಗೋತ್ರಿ ಮೈದಳೆಯಿತು. 1964ರಲ್ಲಿ ಬೆಂಗಳೂರಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯವಾದ ಮೇಲಂತೂ ಮೈಸೂರಿನವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕಾಯಿತು.

ಪ್ರಾಣಿಶಾಸ್ತ್ರ ವಿಭಾಗದ ಎಂ. ಆರ್. ರಾಜಶೇಖರಶೆಟ್ಟಿ ಮತ್ತು ಅವರ ಶಿಷ್ಯವರ್ಗ ಹಿಡಿದ ದಾರಿ ಹಣ್ಣುನೊಣದ್ದು, ಶಾಸ್ತ್ರದ ಮಾತಿನಲ್ಲಿ ಡ್ರೊಸೊಫಿಲ. ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಈ ಪುಟ್ಟ ಕೀಟವನ್ನು ಕೈಬೀಸಿ ಓಡಿಸದವರಾರು? ಅಮೆರಿಕದಲ್ಲಿ ಮಾರ್ಗನ್ 1910ರಲ್ಲಿ ಇದರ ಬಿಳಿಗಣ್ಣಿನ ರೂಪವನ್ನು ಹಿಡಿದು ವಂಶವಾಹಿಗಳು ವರ್ಣತಂತುಗಳ ಮೇಲಿವೆಯೆಂದು ತೋರಿಸಿದ್ದ. ಹತ್ತು ಹನ್ನೆರಡು ದಿನಗಳಲ್ಲಿ ಒಂದು ತಲೆಮಾರು ತೀರಿ ಇನ್ನೊಂದು ಹುಟ್ಟುವುದು ಇದರ ದೊಡ್ಡ ಅನುಕೂಲ. ಮೇವಿನ ಖರ್ಚೂ ಹೆಚ್ಚಿಲ್ಲ. ಗೋಧಿ ರವೆ, ಬೆಲ್ಲ, ನೀರು, ಗಟ್ಟಿಯಾಗಲು ಸ್ವಲ್ಪ ಅಗರ್, ಬೂಷ್ಟು ಹಿಡಿಯದಿರಲು ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ಕೊನೆಯ ಎರಡನ್ನು ಬಿಟ್ಟು ತುಪ್ಪ ಸೇರಿಸಿದರೆ ನಮಗೂ ಒಳ್ಳೆಯ ತಿಂಡಿಯೇ!

ಸಾಕುವುದಕ್ಕೆ ಮುನ್ನ ಹಿಡಿಯಬೇಕು, ಹಿಡಿದದ್ದು ಯಾವುದೆಂದು ತಿಳಿಯಬೇಕು. ಹುಳಿಬಂದ ಹಣ್ಣನ್ನಿಟ್ಟ ಸೀಸೆಗಳನ್ನು ಮರಕ್ಕೆ ಕಟ್ಟಿ, ಪೊದೆಗಳ ಮೇಲೆ ಬಲೆ ಬೀಸಿ ತಂದ ನೊಣಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಿರುಗೂದಲು, ರೆಕ್ಕೆಯ ನರ, ಗಂಡಿನ ಜನನಾಂಗದ ಆಕಾರ ಇವುಗಳನ್ನು ಒಂದೊಂದಾಗಿ ನೋಡಬೇಕು. ಹೀಗೆ ನೋಡಿದ ಜಿ. ಶ್ರೀರಾಮ ರೆಡ್ಡಿ ಮತ್ತು ಎನ್. ಬಿ. ಕೃಷ್ಣಮೂರ್ತಿ ಅವರು 1968ರಲ್ಲಿ ಒಂದು ನೊಣವನ್ನು ಹೊಸದೆಂದು ವರ್ಣಿಸಿ, ತಮ್ಮ ಗುರುಗಳ ನೆನಪಿಗೆ ‘ಡ್ರೊಸೊಫಿಲ ರಾಜಶೇಖರಿ’ ಎಂದು ಕರೆದರು. 1970ರಲ್ಲಿ ‘ಡ್ರೊಸೊಫಿಲ ಮೈಸೂರೆನ್ಸಿಸ್’ ಬಂದಿತು. ಮುಂದೆ ‘ಗಂಗೋತ್ರಿ’ ಎಂಬ ಹೆಸರಿನದೂ ಒಂದು ಪಟ್ಟಿಗೆ ಸೇರಿತು.

ರಾಜಶೇಖರಿಯ ಕಥೆ ಸ್ವಾರಸ್ಯದ್ದು. ಮ್ಯಾಲಕ್ ಎಂಬ ಕೀಟತಜ್ಞ 1924ರಲ್ಲಿಯೇ ಕೊಯಮತ್ತೂರಿನ ಎರಡು ನೊಣಗಳನ್ನು ವರ್ಣಿಸಿದ್ದ. ಅವುಗಳಲ್ಲಿ ಒಂದು ‘ಬೈಆರ್ಮಿಪೆಸ್’. ಕೊಯಮತ್ತೂರಿನ ಆ ನೊಣವೂ ಮೈಸೂರಿನ ಈ ನೊಣವೂ ಒಂದೇ ಎಂದು ಆಮೇಲೆ ತೀರ್ಮಾನವಾಯಿತು. ನಾಮಕರಣದಲ್ಲಿ ಹಿರಿತನಕ್ಕೇ ಮಾನ್ಯತೆ. ಮೈಸೂರಿನ ಹೆಸರು ಪರ್ಯಾಯನಾಮಗಳ ಪಟ್ಟಿಗೆ ಸರಿಯಿತು. ಇದನ್ನು ಸೋಲೆಂದು ಬಗೆಯುವವರುಂಟು. ನಾನು ಹಾಗೆ ಬಗೆಯುವುದಿಲ್ಲ. ಒಂದೇ ಸೀಮೆಯ ನೊಣವನ್ನು ಇಬ್ಬರು ಬೇರೆ ಬೇರೆಯಾಗಿ ಕಂಡು ಬರೆದಿಟ್ಟುದರಿಂದಲೇ ಹೋಲಿಸಿ ನೋಡುವುದು ಸಾಧ್ಯವಾಯಿತು. ಅಲ್ಲದೆ ಆ ನೊಣ ಅಲ್ಲಿಗೇ ನಿಲ್ಲಲಿಲ್ಲ. ಅದರ ಗಂಡಿನ ರೆಕ್ಕೆಯ ತುದಿಯಲ್ಲಿ ಕಪ್ಪು ಬೊಟ್ಟೊಂದಿದೆ. ಹೆಣ್ಣನ್ನು ಒಲಿಸುವಾಗ ಅದನ್ನು ಮೆರೆಸುತ್ತದೆ. ಆ ಬೊಟ್ಟು ಹೇಗೆ ಹುಟ್ಟಿತೆಂಬುದನ್ನು ಕುರಿತು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಸಿದ್ಧ ಲೇಖನವೊಂದು ಬಂದಿತು. ಬಣ್ಣಕ್ಕೆ ಸಂಬಂಧಿಸಿದ ಹಳೆಯ ವಂಶವಾಹಿಯೇ ಅಲ್ಲಿಯೂ ಇದೆ. ಅದು ಎಲ್ಲಿ ಕೆಲಸಮಾಡಬೇಕೆಂದು ಗೊತ್ತುಮಾಡುವ ನಿಯಂತ್ರಕ ಭಾಗ ಮಾತ್ರ ಬದಲಾಗಿದೆ. ಹೊಸ ಅಂದಕ್ಕೆ ಹೊಸ ವಂಶವಾಹಿಯೇ ಬೇಕೆಂದಿಲ್ಲ ಎಂಬುದಕ್ಕೆ ಈ ನೊಣ ಇಂದು ಜಗತ್ತಿನ ತರಗತಿಗಳಲ್ಲಿ ಸಾಕ್ಷಿ ಹೇಳುತ್ತಿದೆ.

ಇನ್ನೊಂದು ಪ್ರಯೋಗ ಮಾನಸಗಂಗೋತ್ರಿಯದೇ. ನಮ್ಮ ಕಡೆ ಸಿಗುವ ‘ನಸೂಟ’ ನೊಣದಲ್ಲಿ 8 ವರ್ಣತಂತುಗಳು. ಪೂರ್ವ ಏಷ್ಯದ ‘ಆಲ್ಬೊಮಿಕಾನ್ಸ್’ ನೊಣದಲ್ಲಿ 6 ಮಾತ್ರ. ಅದರಲ್ಲಿ ಮೂರನೆಯ ವರ್ಣತಂತು ಲಿಂಗ ವರ್ಣತಂತುವಿನೊಡನೆ ಬೆಸೆದುಕೊಂಡಿದೆ. ಇವು ಎರಡು ಪ್ರಭೇದಗಳೋ ಒಂದರದೇ ಎರಡು ತಳಿಗಳೋ ಎಂಬಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಎಚ್. ಎ. ರಂಗನಾಥ್ ಮತ್ತು ಎನ್. ಬಿ. ರಾಮಚಂದ್ರ ಕೊಡಗಿನ ನಸೂಟವನ್ನೂ ಜಪಾನಿನ ಓಕಿನಾವದ ಆಲ್ಬೊಮಿಕಾನ್ಸನ್ನೂ ಕೂಡಿಸಿದರು. ಪ್ರಕೃತಿಯಲ್ಲಿ ಎಂದೂ ಸಂಧಿಸದ ನೆಂಟರು! ಮೊದಲ ತಲೆಮಾರಿನ ಮಿಶ್ರಸಂತಾನದಲ್ಲಿ ವರ್ಣತಂತುಗಳು 7. ಆ ಸಂತಾನ ಬಂಜೆಯಾಗದೆ ಮುಂದುವರಿಯಿತು. ತಲೆಮಾರುಗಳು ಉರುಳಿದಂತೆ ವರ್ಣತಂತುಗಳು ಹೊಸದಾಗಿ ಹೊಂದಿಕೊಂಡವು. ಅವರು 1986ರಲ್ಲಿ ‘ಕ್ರೋಮೊಸೋಮ’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಹೀಗೆ ರೂಪುಗೊಂಡ ಒಂದು ಸಂತತಿಯಲ್ಲಿ ಗಂಡಿಗೆ 7, ಹೆಣ್ಣಿಗೆ 6. ತಾಯಿಯ ಕಡೆಯಂತೆಯೂ ಅಲ್ಲ, ತಂದೆಯ ಕಡೆಯಂತೆಯೂ ಅಲ್ಲ. ಇಂಥವನ್ನು ಅವರು ‘ಸೈಟೋರೇಸ್’ ಎಂದು ಕರೆದು ಒಂದು, ಎರಡು ಎಂದು ಸಂಖ್ಯೆ ಕೊಟ್ಟರು. ರವೆ ಬೆಲ್ಲದ ಮೇವಿನ ಮೇಲೆ, ಹಳೆಯ ಸೀಸೆಯಿಂದ ಹೊಸ ಸೀಸೆಗೆ ದಾಟಿಸಿಕೊಳ್ಳುತ್ತ, ಆ ಸಂತತಿಗಳು ಅಲ್ಲಿ ನೂರಾರು ತಲೆಮಾರು ಬಾಳಿದವು.