ಮೊಂಬೆಲ್ಯಾರಿನಿಂದ ಮಂಗಳೂರಿಗೆ: ಪ್ರಾಯಶ್ಚಿತ್ತ, ಅವಿಶ್ವಾಸ, ಕ್ಷಮೆ ಕುರಿತ ಲೂಥರನ್–ಕ್ಯಾಲ್ವಿನ್ ವಿವಾದ

ಮನುಷ್ಯ ನೀತಿವಂತನೆನಿಸುವುದು ತನ್ನ ಪುಣ್ಯಕಾರ್ಯಗಳಿಂದಲ್ಲ, ದೇವರ ಕೃಪೆಯಿಂದ, ನಂಬಿಕೆಯ ಮೂಲಕ ಎಂಬಲ್ಲಿ ಲೂಥರನ್ ಮತ್ತು ಕ್ಯಾಲ್ವಿನ್ ಪಂಥಗಳಿಗೆ ಭಿನ್ನಾಭಿಪ್ರಾಯವಿಲ್ಲ. ಜಗಳ ಹುಟ್ಟುವುದು ಅದರ ಮುಂದಿನ ಹೆಜ್ಜೆಯಲ್ಲಿ. ಕ್ರಿಸ್ತನ ಮರಣ ಎಲ್ಲರ ಪಾಪಕ್ಕೂ ಪ್ರಾಯಶ್ಚಿತ್ತವಾಗಿದ್ದರೆ ಎಲ್ಲರಿಗೂ ಕ್ಷಮೆ ಏಕೆ ದೊರೆಯುವುದಿಲ್ಲ? ಕೆಲವರು ನಂಬದಿರುವುದೇ ಕಾರಣ ಎಂದರೆ, ಆ ಅವಿಶ್ವಾಸವೂ ಒಂದು ಪಾಪವೇ. ಅದಕ್ಕೂ ಶಿಲುಬೆಯ ಮೇಲೆ ಬೆಲೆ ತೆತ್ತಾಗಿದೆಯೆ, ಇಲ್ಲವೆ? ಜರ್ಮನಿಯ ಲೂಥರನ್ನರೂ ಜಿನೀವಾದ ಕ್ಯಾಲ್ವಿನ್ ಅನುಯಾಯಿಗಳೂ ಇದಕ್ಕೆ ಕೊಟ್ಟ ಉತ್ತರಗಳು ಒಂದಕ್ಕೊಂದು ಹೊಂದಲಿಲ್ಲ. 1586ರಲ್ಲಿ ಎದುರುಬದುರು ಕೂತು ವಾದಿಸಿದರೂ ಹೊಂದಲಿಲ್ಲ. ಅದೇ ಎರಡು ಪರಂಪರೆಗಳ ಜನ 1834ರಲ್ಲಿ ಒಂದೇ ಸಂಸ್ಥೆಯ ಹೆಸರಿನಲ್ಲಿ ಮಂಗಳೂರಿಗೆ ಬಂದಿಳಿದರು. ಕನ್ನಡನಾಡಿನ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಈ ವಿವಾದ ಬೇರು ಬಿಡದಿರಲು ಅದೇ ಮುಖ್ಯ ಕಾರಣ.

ಪ್ರಾಯಶ್ಚಿತ್ತದ ಸಿದ್ಧಾಂತಕ್ಕೆ ಪಶ್ಚಿಮ ಯೂರೋಪಿನಲ್ಲಿ ಖಚಿತ ರೂಪ ಕೊಟ್ಟವನು ಕ್ಯಾಂಟರ್‌ಬರಿಯ ಆನ್‌ಸೆಲ್ಮ್. ಪಾಪದಿಂದ ದೇವರ ಗೌರವಕ್ಕೆ ಬಂದ ಕುಂದನ್ನು ಮನುಷ್ಯನೇ ತುಂಬಿಕೊಡಬೇಕು. ಹಾಗೆ ತುಂಬುವ ಶಕ್ತಿಯಿರುವುದು ದೇವರಿಗೆ ಮಾತ್ರ. ಆದ್ದರಿಂದ ದೇವರೇ ಮನುಷ್ಯನಾಗಬೇಕಾಯಿತು ಎಂಬುದು 1098ರ ಹೊತ್ತಿಗೆ ಅವನು ಮುಗಿಸಿದ ಗ್ರಂಥದ ತರ್ಕ. ಮಾರ್ಟಿನ್ ಲೂಥರ್ ಇದನ್ನು ತಳ್ಳಿಹಾಕಲಿಲ್ಲ, ಆದರೆ ಅದರ ಧಾಟಿಯನ್ನೇ ಬದಲಿಸಿದ. 1535ರಲ್ಲಿ ಅಚ್ಚಾದ ಗಲಾತ್ಯ ಪತ್ರಿಕೆಯ ವ್ಯಾಖ್ಯಾನದಲ್ಲಿ ಅವನ ಕ್ರಿಸ್ತ ಲೋಕದ ಎಲ್ಲ ಪಾಪಗಳನ್ನೂ ತನ್ನದಾಗಿಸಿಕೊಂಡು, ಮಹಾಪಾಪಿಯ ಸ್ಥಾನದಲ್ಲಿ ನಿಂತು, ಪಾಪ, ಮರಣ, ಸೈತಾನರೊಡನೆ ಹೋರಾಡಿ ಗೆಲ್ಲುತ್ತಾನೆ. ಸ್ವೀಡನ್ನಿನ ಗುಸ್ತಾಫ್ ಔಲೆನ್ 1930ರಲ್ಲಿ ಲೂಥರನ ಈ ವಿಜಯದ ಚಿತ್ರವನ್ನೇ ಮುಂದಿಟ್ಟು, ಅವನು ಆನ್‌ಸೆಲ್ಮನ ಹಾದಿಯನ್ನು ಬಿಟ್ಟು ಪ್ರಾಚೀನ ಸಭಾಪಿತೃಗಳ ಹಾದಿಗೆ ಮರಳಿದನೆಂದು ವಾದಿಸಿದ. ಈ ವಾದದಲ್ಲಿ ಅತಿಶಯವಿದೆ. ಶಿಕ್ಷೆಯನ್ನು ಬದಲಿಯಾಗಿ ಅನುಭವಿಸುವ ಮಾತೂ ಲೂಥರನಲ್ಲಿ ಹೇರಳವಾಗಿ ಸಿಗುತ್ತದೆ.

ದೇವರು ಯಾರನ್ನು ರಕ್ಷಣೆಗೆ ಆರಿಸುತ್ತಾನೆ ಎಂಬ ಆಯ್ಕೆಯ ವಿಷಯದಲ್ಲಿ ಲೂಥರನೂ ಲೂಥರನ್ನರೂ ಒಂದೇ ಎಂದುಕೊಳ್ಳುವಂತಿಲ್ಲ. 1525ರಲ್ಲಿ ಎರಾಸ್ಮಸ್‌ನಿಗೆ ಉತ್ತರವಾಗಿ ಬರೆದ ಗ್ರಂಥದಲ್ಲಿ ಅವನು ಮನುಷ್ಯನ ಇಚ್ಛೆ ಬಂಧಿತವೆಂದೂ ದೇವರ ಗುಪ್ತ ಸಂಕಲ್ಪವನ್ನು ಯಾರೂ ಅಳೆಯಲಾರರೆಂದೂ ಹೇಳುವ ರೀತಿ, ಮುಂದೆ ಕ್ಯಾಲ್ವಿನ್ ಹೇಳಿದ್ದಕ್ಕೆ ಬಹಳ ಹತ್ತಿರವಾದದ್ದು. ಅವನ ಅನುಯಾಯಿಗಳು ಅಲ್ಲಿಂದ ಹಿಂದೆ ಸರಿದರು. ಯಾಕೋಬ್ ಆಂಡ್ರೇಯೆ, ಮಾರ್ಟಿನ್ ಕೆಮ್ನಿಟ್ಸ್ ಮೊದಲಾದವರು 1577ರಲ್ಲಿ ಸಿದ್ಧಪಡಿಸಿದ ಕಾನ್ಕಾರ್ಡ್ ಸೂತ್ರದ 11ನೆಯ ವಿಧಿ ರಕ್ಷಣೆಗಾಗಿ ಆಯ್ಕೆಯುಂಟು, ನಾಶಕ್ಕಾಗಿ ಆಯ್ಕೆಯಿಲ್ಲ ಎನ್ನುತ್ತದೆ. ನಂಬಿದವನ ನಂಬಿಕೆ ಪೂರ್ತಿಯಾಗಿ ದೇವರ ದಾನ. ನಂಬದವನ ಅವಿಶ್ವಾಸ ಪೂರ್ತಿಯಾಗಿ ಅವನದೇ ತಪ್ಪು. ಈ ಎರಡು ಮಾತುಗಳನ್ನು ತರ್ಕದಲ್ಲಿ ಜೋಡಿಸಲಾಗದು ಎಂಬುದು ಅವರಿಗೂ ತಿಳಿದಿತ್ತು. ಜೋಡಿಸದೆ ಬಿಡುವುದೇ ಲೇಸೆಂದು ಅವರು ಬಗೆದರು.

ಜಾನ್ ಕ್ಯಾಲ್ವಿನ್ ಹಾಗೆ ಬಿಡಲಿಲ್ಲ. 1536ರಲ್ಲಿ ಚಿಕ್ಕದಾಗಿ ಹೊರಟು 1559ರಲ್ಲಿ ಪೂರ್ಣರೂಪ ಪಡೆದ ಅವನ ಮಹಾಗ್ರಂಥದ ಮೂರನೆಯ ಭಾಗದಲ್ಲಿ, ಕೆಲವರನ್ನು ನಿತ್ಯಜೀವಕ್ಕೂ ಉಳಿದವರನ್ನು ನಾಶಕ್ಕೂ ದೇವರು ಅನಾದಿಯಲ್ಲೇ ಗೊತ್ತುಮಾಡಿದ್ದಾನೆ ಎಂಬ ಪೂರ್ವನಿರ್ಣಯದ ಬೋಧನೆ ಸ್ಪಷ್ಟವಾಗಿದೆ. ಆದರೆ ಕ್ರಿಸ್ತ ಆಯ್ದವರಿಗಾಗಿ ಮಾತ್ರ ಸತ್ತ ಎಂದು ಕ್ಯಾಲ್ವಿನ್ ನೇರವಾಗಿ ಹೇಳಿದನೇ ಎಂಬ ಬಗ್ಗೆ ವಿದ್ವಾಂಸರ ಚರ್ಚೆ ಇನ್ನೂ ಮುಗಿದಿಲ್ಲ. ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದವನು ಜಿನೀವಾದಲ್ಲಿ ಅವನ ಉತ್ತರಾಧಿಕಾರಿಯಾದ ಥಿಯೊಡೋರ್ ಬೀಜಾ.

ಬೀಜಾ ಮತ್ತು ಆಂಡ್ರೇಯೆ ಮುಖಾಮುಖಿಯಾದದ್ದು 1586ರ ಮಾರ್ಚ್‌ನಲ್ಲಿ, ಮೊಂಬೆಲ್ಯಾರ್ ಪಟ್ಟಣದಲ್ಲಿ. ಇಂದು ಫ್ರಾನ್ಸಿನಲ್ಲಿರುವ ಈ ಪಟ್ಟಣ ಆಗ ವ್ಯೂರ್ಟೆಂಬರ್ಗ್ ಮನೆತನದ ಲೂಥರನ್ ದೊರೆಯ ವಶದಲ್ಲಿತ್ತು. ಫ್ರಾನ್ಸಿನಿಂದ ಓಡಿಬಂದ ಕ್ಯಾಲ್ವಿನ್ ಪಂಥದ ನಿರಾಶ್ರಿತರು ಅಲ್ಲಿ ಕರ್ತನ ಭೋಜನದಲ್ಲಿ ಪಾಲ್ಗೊಳ್ಳಬಹುದೇ ಎಂಬ ವ್ಯಾವಹಾರಿಕ ತೊಡಕಿನಿಂದ ಸಂವಾದ ಆರಂಭವಾಯಿತು. ಮಾತು ಕೊನೆಗೆ ಆಯ್ಕೆಯ ವಿಷಯಕ್ಕೆ ಬಂತು. ಆಂಡ್ರೇಯೆಯ ವಾದ ಹೀಗಿತ್ತು: ಕ್ರಿಸ್ತ ಎಲ್ಲ ಮನುಷ್ಯರ ಎಲ್ಲ ಪಾಪಗಳಿಗೂ ಪ್ರಾಯಶ್ಚಿತ್ತ ಮಾಡಿದ್ದಾನೆ, ಆದ್ದರಿಂದ ನಾಶವಾಗುವವರು ತಮ್ಮ ಇತರ ಪಾಪಗಳಿಗಾಗಿ ನಾಶವಾಗುವುದಿಲ್ಲ, ತಮಗಾಗಿ ಸತ್ತವನನ್ನು ಒಪ್ಪದ ಅವಿಶ್ವಾಸಕ್ಕಾಗಿ ನಾಶವಾಗುತ್ತಾರೆ. ಬೀಜಾನಿಗೆ ಇದು ಹಿಂದೆಂದೂ ಕೇಳದ ಮಾತಾಗಿ ತೋರಿತು. ತೀರಿದ ಸಾಲಕ್ಕೆ ಮತ್ತೆ ಜಪ್ತಿ ತರುವುದು ನ್ಯಾಯವಂತ ದೇವರಿಗೆ ಒಪ್ಪುವುದಲ್ಲ. ಶಿಕ್ಷೆಗೊಳಗಾಗುವವರು ಇದ್ದಾರೆಂದರೆ ಅವರ ಸಾಲ ತೀರಿಲ್ಲವೆಂದೇ ಅರ್ಥ ಎಂಬುದು ಅವನ ನಿಲುವು. ಕ್ರಿಸ್ತನ ಮರಣ ಎಲ್ಲರಿಗೂ ಸಾಕಾಗುವಷ್ಟು, ಆಯ್ದವರಿಗೆ ಮಾತ್ರ ಫಲಕಾರಿ ಎಂಬ ಮಧ್ಯಯುಗದ ಹಳೆಯ ಸೂತ್ರವೂ ಅವನಿಗೆ ಎರಡು ಅರ್ಥಕ್ಕೆ ಎಡೆಕೊಡುವ ಮಾತೆನಿಸಿತು. ಸಂವಾದ ಮುಗಿದಾಗ ಬೀಜಾ ಸಹೋದರತ್ವದ ಕೈ ಚಾಚಿದ. ಸಹೋದರನೆಂದು ಹಿಡಿಯಲಾರೆ, ಬರಿಯ ಸ್ನೇಹದ ಕೈಯಾದರೆ ಸರಿ ಎಂದು ಆಂಡ್ರೇಯೆ ಹೇಳಿದ. ಅಂಥ ಕೈ ತನಗೂ ಬೇಡವೆಂದು ಬೀಜಾ ಹಿಂದೆಗೆದುಕೊಂಡ.

ಈ ಸಂವಾದದ ಬಿಸಿ ಮೂರನೆಯವನೊಬ್ಬನನ್ನು ತಟ್ಟಿತು. ಬರ್ನ್ ಪ್ರಾಂತ್ಯದ ಪಾದ್ರಿ ಸಾಮುಯೆಲ್ ಹ್ಯೂಬರ್ ಸ್ವತಃ ರಿಫಾರ್ಮ್ಡ್ (ಕ್ಯಾಲ್ವಿನ್) ಪಂಥದವನಾಗಿದ್ದೂ ಬೀಜಾನ ಮಾತನ್ನು ಸಹಿಸದೆ ಪ್ರತಿಭಟಿಸಿ 1588ರಲ್ಲಿ ಗಡಿಪಾರಾದ. ವ್ಯೂರ್ಟೆಂಬರ್ಗಿಗೆ ಹೋಗಿ ಲೂಥರನ್ ಆದ. ಅಲ್ಲಿಗೂ ನಿಲ್ಲದೆ, ಪ್ರಾಯಶ್ಚಿತ್ತ ಎಲ್ಲರಿಗಾಗಿ ಆದಮೇಲೆ ಆಯ್ಕೆಯೂ ಎಲ್ಲರದೇ ಎಂದು ಬೋಧಿಸತೊಡಗಿದಾಗ ವಿಟೆನ್‌ಬರ್ಗಿನ ಲೂಥರನ್ನರೂ ಅವನನ್ನು ಹೊರಹಾಕಿದರು. ಒಂದು ತತ್ತ್ವವನ್ನು ಕೊನೆಯವರೆಗೆ ಎಳೆದವನಿಗೆ ಎರಡೂ ಪಾಳೆಯಗಳಲ್ಲಿ ಜಾಗವಿರಲಿಲ್ಲ.

ಮುಂದಿನ ಶತಮಾನದಲ್ಲಿ ರಿಫಾರ್ಮ್ಡ್ ಪಂಥದೊಳಗೇ ಇದು ಒಡಕು ತಂದಿತು. ಪ್ರಾಯಶ್ಚಿತ್ತ ಎಲ್ಲರಿಗಾಗಿ ಎಂದ ಡಚ್ ದೇವಶಾಸ್ತ್ರಜ್ಞ ಆರ್ಮಿನಿಯಸ್‌ನ ಅನುಯಾಯಿಗಳು 1610ರಲ್ಲಿ ಮಂಡಿಸಿದ ಐದು ವಿಧಿಗಳನ್ನು ಹಾಲೆಂಡಿನ ಡಾರ್ಟ್ ಮಹಾಸಭೆ (1618–19) ತಿರಸ್ಕರಿಸಿತು. ಬೀಜಾ ಒಲ್ಲದ ಹಳೆಯ ಸೂತ್ರದ ತಿರುಳನ್ನು ಸಭೆ ಉಳಿಸಿಕೊಂಡಿತು: ಕ್ರಿಸ್ತನ ಮರಣದ ಬೆಲೆ ಇಡೀ ಲೋಕಕ್ಕೆ ಸಾಕಾಗುವಷ್ಟು, ಅದು ರಕ್ಷಿಸುವುದು ಆಯ್ದವರನ್ನು. ಕೆಲವು ದಶಕಗಳ ಮೇಲೆ ಇಂಗ್ಲೆಂಡಿನ ಜಾನ್ ಓವನ್ ಅವಿಶ್ವಾಸದ ಪ್ರಶ್ನೆಯನ್ನೇ ಆಯುಧವಾಗಿಸಿದ. ಕ್ರಿಸ್ತ ಎಲ್ಲರ ಎಲ್ಲ ಪಾಪಗಳಿಗೂ ಸತ್ತಿದ್ದರೆ ಅವಿಶ್ವಾಸವೂ ಅದರಲ್ಲಿ ಸೇರಬೇಕು, ಸೇರಿದ ಮೇಲೆ ಯಾರೂ ನಾಶವಾಗಬಾರದು. ಸೇರಿಲ್ಲವೆಂದರೆ ಅವನು ಎಲ್ಲ ಪಾಪಗಳಿಗೂ ಸತ್ತಂತಾಗಲಿಲ್ಲ. ತರ್ಕವಾಗಿ ಇದನ್ನು ಮುರಿಯುವುದು ಕಷ್ಟ. ಇದರ ದೌರ್ಬಲ್ಯವಿರುವುದು ಪ್ರಾಯಶ್ಚಿತ್ತವನ್ನು ಲೆಕ್ಕದ ಪುಸ್ತಕದಂತೆ ಕಾಣುವ ಆರಂಭದಲ್ಲೇ. ಲೂಥರನ್ನರು ಅಲ್ಲೇ ತಡೆಯುತ್ತಾರೆ: ಕ್ಷಮೆ ಸಿದ್ಧವಾಗಿದೆ, ಅದನ್ನು ವಾಕ್ಯದಲ್ಲಿ, ಸಂಸ್ಕಾರಗಳಲ್ಲಿ ನೀಡಲಾಗುತ್ತದೆ, ಅವಿಶ್ವಾಸಿ ಅದನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಕೊಟ್ಟದ್ದು ನಿಜ, ಪಡೆಯದೆ ಹೋದದ್ದೂ ನಿಜ. ಫ್ರಾನ್ಸಿನ ಸೋಮ್ಯೂರಿನಲ್ಲಿ ಮೊಯಿಸ್ ಅಮಿರೊ ಇವೆರಡರ ನಡುವೆ ಹಾದಿ ಹುಡುಕಿದ. ಎರಡೂ ಕಡೆಯವರಿಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ.

ಸಾಮಾನ್ಯ ಭಕ್ತನಿಗೆ ಈ ವ್ಯತ್ಯಾಸ ತಟ್ಟುವುದು ಕ್ಷಮೆಯ ಘೋಷಣೆಯಲ್ಲಿ. ಲೂಥರನ್ ಪರಂಪರೆ ಖಾಸಗಿ ಪಾಪನಿವೇದನೆಯನ್ನು ಕೈಬಿಡಲಿಲ್ಲ. 1530ರ ಆಗ್ಸ್‌ಬರ್ಗ್ ಅರಿಕೆಯ 11ನೆಯ ವಿಧಿ ಅದನ್ನು ಉಳಿಸಿಕೊಂಡಿತು. ಪಾದ್ರಿ ನಿವೇದಿಸಿದವನ ಮುಖ ನೋಡಿ ನಿನ್ನ ಪಾಪ ಕ್ಷಮಿಸಲ್ಪಟ್ಟಿದೆ ಎನ್ನುತ್ತಾನೆ. ಆ ಮಾತು ದೇವರದೇ ಮಾತು. ರಿಫಾರ್ಮ್ಡ್ ಸಭೆಗಳಲ್ಲಿ ಒಟ್ಟಾಗಿ ಪಾಪನಿವೇದನೆ ನಡೆಯುತ್ತದೆ. ನಂಬಿ ಪಶ್ಚಾತ್ತಾಪಪಡುವವರಿಗೆ ಕ್ಷಮೆಯುಂಟು, ಇಲ್ಲದವರ ಮೇಲೆ ದೇವರ ಕೋಪ ಉಳಿದಿದೆ ಎಂದು ಸಾರಲಾಗುತ್ತದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರ ಪರಲೋಕದ ಬೀಗದ ಕೈಗಳನ್ನು ಹೀಗೆಯೇ ವಿವರಿಸುತ್ತದೆ. ವಿಚಿತ್ರವೆಂದರೆ, ಇದೇ ಪ್ರಶ್ನೋತ್ತರದ 37ನೆಯ ಉತ್ತರ ಕ್ರಿಸ್ತ ಇಡೀ ಮಾನವಕುಲದ ಪಾಪದ ಮೇಲಿದ್ದ ದೇವರ ಕೋಪವನ್ನು ಹೊತ್ತನೆಂದು ಹೇಳುತ್ತದೆ. ಪಂಥಗಳ ಗಡಿ ಗ್ರಂಥಗಳಲ್ಲಿ ಇರುವಷ್ಟು ನೇರವಾಗಿ ಭಕ್ತಿಯಲ್ಲಿ ಇರಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ನಂಬಿದವನು ನಂಬಿಕೆಯನ್ನು ಕಳೆದುಕೊಳ್ಳಬಲ್ಲನೇ ಎಂಬಲ್ಲಿಯೂ ಭೇದವುಂಟು: ಲೂಥರನ್ನರು ಹೌದೆಂದರು, ಡಾರ್ಟ್ ಇಲ್ಲವೆಂದಿತು.

1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಶನ್ ಈ ಎರಡನ್ನೂ ಒಂದೇ ಸೂರಿನಡಿ ತಂದಿತು. ಬಾಸೆಲ್ ಸ್ವಿಟ್ಜರ್ಲೆಂಡಿನ ರಿಫಾರ್ಮ್ಡ್ ನಗರ. ಮಿಶನ್ನಿಗೆ ಸೇರಿದ ಯುವಕರಲ್ಲಿ ಹೆಚ್ಚಿನವರು ವ್ಯೂರ್ಟೆಂಬರ್ಗಿನ ಲೂಥರನ್ ಹಳ್ಳಿಗಳವರು. ಅವರನ್ನು ಬೆಸೆದದ್ದು ಪೈಟಿಸಂ ಎಂಬ ಭಕ್ತಿಪಂಥ. ಅದಕ್ಕೆ ಮುಖ್ಯವಾದದ್ದು ಪಾಪದ ಅರಿವು, ಮನಸ್ಸು ತಿರುಗುವುದು, ಬದಲಾದ ನಡತೆ. ಅನಾದಿಯಲ್ಲಿ ದೇವರು ಏನು ನಿಶ್ಚಯಿಸಿದ ಎಂಬುದಲ್ಲ. 1834ರ ಅಕ್ಟೋಬರಿನಲ್ಲಿ ಸಾಮುವೆಲ್ ಹೆಬಿಕ್, ಲೆನರ್, ಗ್ರೈನರ್ ಭಾರತಕ್ಕೆ ಬಂದು ಮಂಗಳೂರಿನಲ್ಲಿ ಕೆಲಸ ತೊಡಗಿದರು. ಉಲ್ಮ್ ಸಮೀಪದ ನೆಲ್ಲಿಂಗೆನ್ನಿನ ಹೆಬಿಕ್ ಆಂಡ್ರೇಯೆಯ ನಾಡಿನವನೇ. ಸಂತೆ, ಜಾತ್ರೆಗಳಲ್ಲಿ ಅವನು ಮಾಡುತ್ತಿದ್ದ ಬೋಧನೆ ಎಲ್ಲರಿಗೂ ಕರೆ, ಈಗಲೇ ತಿರುಗು ಎಂಬ ಒತ್ತಾಯ. ಪ್ರಾಯಶ್ಚಿತ್ತ ಕೆಲವರಿಗೆ ಮಾತ್ರ ಎಂಬ ಬೋಧನೆಗೆ ಅಂಥ ಉಪದೇಶದಲ್ಲಿ ಎಡೆ ಸಿಗುವುದು ಕಷ್ಟ. ಸಭೆಯ ಹಿರಿಯರ ಮೂಲಕ ನಡೆಯುತ್ತಿದ್ದ ಸಭಾಶಿಸ್ತಿನಲ್ಲಿ ಮಾತ್ರ ಸ್ವಿಟ್ಜರ್ಲೆಂಡಿನ ಮುದ್ರೆ ಎದ್ದುಕಾಣುತ್ತದೆ.

ಇದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚುಹಾಕಿಸಿದ. ಹರಿಯ ಮುಂದೆ ತನ್ನ ಅಪರಾಧಗಳನ್ನು ಎಣಿಸಿ ಹೇಳಿಕೊಂಡು ಕರುಣೆಗೆ ಮೊರೆಯಿಡುವ ಆ ಪದಗಳು ಪೈಟಿಸ್ಟನೊಬ್ಬನ ಕಿವಿಗೆ ಪರಕೀಯವಾಗಿ ಕೇಳಿರಲಾರವು. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ ಇನ್ನೂ ನೇರವಾಗಿ ಪ್ರಾಯಶ್ಚಿತ್ತಕ್ಕೆ ಕೈಹಾಕಿದ. 1872ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವನ ‘ಯಜ್ಞಸುಧಾನಿಧಿ’ ವೈದಿಕ ಯಜ್ಞದ ಕಲ್ಪನೆಯನ್ನು ಕ್ರಿಸ್ತನ ಬಲಿಯೊಂದಿಗೆ ಎದುರಿಟ್ಟು ನೋಡುವ ಗ್ರಂಥ. ಯಜ್ಞವೆಂದರೇನೆಂದು ತಲೆತಲಾಂತರದಿಂದ ಬಲ್ಲ ಓದುಗನ ಮುಂದೆ ಬಲಿ ಏಕೆ ಬೇಕು ಎಂಬುದೇ ಮೊದಲ ಪ್ರಶ್ನೆ; ಯಾರಿಗಾಗಿ, ಎಷ್ಟು ಜನರಿಗಾಗಿ ಎಂಬ ಡಾರ್ಟಿನ ಪ್ರಶ್ನೆ ಬಹಳ ಹಿಂದಿನ ಸಾಲಿಗೆ ಸರಿಯುತ್ತದೆ.

ಕ್ಯಾಲ್ವಿನ್ ಪರಂಪರೆ ಬಯಲುಸೀಮೆಗೆ ಬಂದದ್ದು ಲಂಡನ್ ಮಿಶನರಿ ಸೊಸೈಟಿಯ ಮೂಲಕ. 1810ರಲ್ಲಿ ಬಳ್ಳಾರಿಯಲ್ಲಿ ಕೆಲಸ ಆರಂಭಿಸಿದ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲಿನ ಭಾಷಾಂತರಕ್ಕೆ ಮುಂದಾಳಾದ; 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಮುಂದೆ ಅದರ ಪರಿಷ್ಕರಣೆಗೆ ಈ ಸೊಸೈಟಿಯವರೂ ಬಾಸೆಲ್ ಮಿಶನ್ನಿನವರೂ ಒಟ್ಟಿಗೆ ಕುಳಿತರು. ಪ್ಯೂರಿಟನ್ ಪರಂಪರೆಯ ಜಾನ್ ಬನ್ಯನ್ನನ ಕಥೆಯನ್ನು ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ತಂದವರೂ ಬಾಸೆಲ್ ಮಿಶನ್ನಿನವರೇ.

ಹಾಸನ ಸೀಮೆಗೆ ತಲುಪಿದ ಪ್ರೊಟೆಸ್ಟೆಂಟ್ ಬೋಧನೆ ಇವೆರಡೂ ಅಲ್ಲ, ವೆಸ್ಲಿಯನ್ ಮಿಶನ್ನಿನದು. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ಪ್ರಾಯಶ್ಚಿತ್ತ ಎಲ್ಲರಿಗಾಗಿ ಎಂದು ಸಾರಿದವನು. ಪೂರ್ವನಿರ್ಣಯವನ್ನು ಕಟುವಾಗಿ ಎದುರಿಸಿದವನು. 1738ರ ಮೇ 24ರಂದು ಲಂಡನ್ನಿನಲ್ಲಿ ಅವನಿಗೆ ಕ್ಷಮೆಯ ಭರವಸೆ ಮೂಡಿದ್ದು ರೋಮಾಪುರ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ. ಆ ಲೆಕ್ಕದಲ್ಲಿ ಹಾಸನಕ್ಕೂ ಲೂಥರ್ ಸುತ್ತುದಾರಿಯಲ್ಲಿ ಬಂದಿದ್ದಾನೆ.

ಆದರೆ ಆ ಸೀಮೆಗೆ ಕೃಪೆಯ ಪ್ರಶ್ನೆ ಹೊಸದಲ್ಲ. ಬೇಲೂರಿನಲ್ಲಿ 1117ರ ಚೆನ್ನಕೇಶವ ದೇವಾಲಯ, ಅರಸೀಕೆರೆ ಬಳಿಯ ಹಾರನಹಳ್ಳಿಯಲ್ಲಿ 13ನೆಯ ಶತಮಾನದ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ದೇವಾಲಯಗಳು ಎದ್ದ ಹೊಯ್ಸಳ ನಾಡಿನಲ್ಲಿ ಶ್ರೀವೈಷ್ಣವರ ಶರಣಾಗತಿಯ ಬೋಧನೆ ಆಗಲೇ ನೆಲೆನಿಂತಿತ್ತು. ಶರಣಾಗತಿಯ ಅಂಗಗಳಲ್ಲಿ ಮಹಾವಿಶ್ವಾಸವೂ ಒಂದು. ತಾಯಿಯನ್ನು ತಾನೇ ಅವಚಿಕೊಳ್ಳುವ ಮರ್ಕಟಕಿಶೋರ, ತಾಯಿ ಕಚ್ಚಿಕೊಂಡು ಒಯ್ಯುವ ಮಾರ್ಜಾಲಕಿಶೋರ ಎಂಬ ನ್ಯಾಯಗಳಲ್ಲಿ ಶ್ರೀವೈಷ್ಣವರ ವಡಗಲೆ, ತೆಂಗಲೆ ಶಾಖೆಗಳು ಬೇರೆಯಾದದ್ದು ಜೀವಾತ್ಮನ ಕಡೆಯಿಂದ ಬರುವ ವಿಶ್ವಾಸಕ್ಕೆ ಎಷ್ಟು ಪಾಲು ಎಂಬ ಪ್ರಶ್ನೆಯಲ್ಲೇ. ಜರ್ಮನಿಯ ರುಡಾಲ್ಫ್ ಆಟೊ 1930ರ ಸುಮಾರಿಗೆ ಈ ಹೋಲಿಕೆಯನ್ನು ಯೂರೋಪಿನ ಓದುಗರ ಮುಂದಿಟ್ಟ. ಹೋಲಿಕೆಗೆ ಮಿತಿಯೂ ಇದೆ: ಇಲ್ಲಿ ಕೃಪೆಯುಂಟು, ಪರರ ಪಾಪ ಹೊತ್ತು ಸಾಯುವ ದೇವರಿಲ್ಲ.

ಕ್ಯಾಲ್ವಿನ್ನನ ಪೂರ್ವನಿರ್ಣಯಕ್ಕೆ ಮಧ್ವಾಚಾರ್ಯರ ಜೀವತ್ರೈವಿಧ್ಯವನ್ನು ಹೋಲಿಸುವ ವಾಡಿಕೆಯೂ ಉಂಟು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ವಿಭಾಗ ಮೇಲುನೋಟಕ್ಕೆ ಹಾಗೆ ಕಾಣುತ್ತದೆ. ಆದರೆ ಮಧ್ವಮತದಲ್ಲಿ ಭೇದವಿರುವುದು ಜೀವಗಳ ಅನಾದಿ ಸ್ವರೂಪದಲ್ಲಿ. ಕ್ಯಾಲ್ವಿನ್ನನಲ್ಲಿ ಎಲ್ಲರೂ ಸಮಾನವಾಗಿ ಪತಿತರು. ಭೇದ ತರುವುದು ದೇವರ ಸಂಕಲ್ಪ. ಒಂದು ಇನ್ನೊಂದರಿಂದ ಬಂತೆನ್ನುವ ಊಹೆಗಳಿಗೆ ಆಧಾರವಿಲ್ಲ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧಿತರಾಗಿ ಹೊರಹೋದ ಮೇಲೆ ಕನ್ನಡ ಸಭೆಗಳ ಕೆಲಸವನ್ನು ಸ್ವಿಟ್ಜರ್ಲೆಂಡಿನ ಕನ್ನಡ ಇವಾಂಜೆಲಿಕಲ್ ಮಿಶನ್ ವಹಿಸಿಕೊಂಡಿತು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಗಳು ಅದರಲ್ಲಿ ಸೇರಿದವು. ಬಾಸೆಲ್ ಮಿಶನ್ನಿನ ಕನ್ನಡ ಸಭೆಗಳು ಸೇರಿದ್ದು ಆಮೇಲೆ. ಲೂಥರನ್ ಸಭೆಗಳು ಹೊರಗುಳಿದವು. ಅವರೊಡನೆ 1948ರಿಂದ ನಡೆದ ದೇವಶಾಸ್ತ್ರೀಯ ಮಾತುಕತೆಗಳಲ್ಲಿ ಆಯ್ಕೆಯ ಸಿದ್ಧಾಂತವೂ ಚರ್ಚೆಗೆ ಬಂತು, ಸಮ್ಮತಿಯ ಹೇಳಿಕೆಯೂ ಸಿದ್ಧವಾಯಿತು. ಸಂಯೋಗ ಮಾತ್ರ ಆಗಲಿಲ್ಲ. ಯೂರೋಪಿನಲ್ಲಿ 16ನೆಯ ಶತಮಾನದ ಪರಸ್ಪರ ಖಂಡನೆಗಳು ಇನ್ನು ಅನ್ವಯಿಸವು ಎಂದು ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು ಒಪ್ಪಿದ್ದು 1973ರಲ್ಲಿ, ಬಾಸೆಲ್ ಸಮೀಪದ ಲಾಯನ್‌ಬರ್ಗಿನಲ್ಲಿ. ಅವಿಶ್ವಾಸಕ್ಕೆ ಪ್ರಾಯಶ್ಚಿತ್ತ ಆಗಿದೆಯೇ ಎಂಬ ಪ್ರಶ್ನೆಗೆ ಆ ಒಪ್ಪಂದವೂ ಉತ್ತರ ಕೊಟ್ಟಿಲ್ಲ. ಉತ್ತರವಿಲ್ಲದೆಯೂ ಒಂದೇ ಪಂಕ್ತಿಯಲ್ಲಿ ಕರ್ತನ ಭೋಜನಕ್ಕೆ ಕೂರಬಹುದೆಂದು ಒಪ್ಪಿದೆ. ಕನ್ನಡ ಸಭೆಗಳಲ್ಲಿ ಆ ರೂಢಿ ಅದಕ್ಕೂ ಹಿಂದಿನದು: ಮಂಗಳೂರಿನ ಬಾಸೆಲ್ ಮಿಶನ್ ಸಭೆಗಳೂ ಹಾಸನದ ವೆಸ್ಲಿಯನ್ ಸಭೆಗಳೂ ಇಂದು ದಕ್ಷಿಣ ಭಾರತ ಸಭೆಯ ಕರ್ನಾಟಕ ದಕ್ಷಿಣ ಸಭಾಪ್ರಾಂತ್ಯವೆಂಬ ಒಂದೇ ಆಡಳಿತಕ್ಕೆ ಒಳಪಟ್ಟಿವೆ.