ವರ್ಷಕ್ಕೊಮ್ಮೆ ಸುಣ್ಣ

ಪುಣೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಮುಗಿದಾಗ, ಪ್ರಾಜೆಕ್ಟ್ ಮುಗಿಯಿತು ಎಂದುಕೊಂಡೆ. ಮೊದಲ ಮಳೆಗಾಲಕ್ಕೇ ಹೊರಗೋಡೆಯ ಬಣ್ಣ ಗುಳ್ಳೆ ಎದ್ದು ಉದುರತೊಡಗಿತು. ತುಮಕೂರಿನಿಂದ ಬಂದಿದ್ದ ಅಪ್ಪ ಗೋಡೆ ಸವರಿ, "ಒಣಗೋಕೆ ಬಿಟ್ಟೇ ಇಲ್ವಲ್ಲೋ" ಅಂದರು. ನಿಜ. ಮುಹೂರ್ತ ತಪ್ಪೀತೆಂದು, ಸಿಮೆಂಟ್ ಗಾರೆಯ ಹಸಿ ಆರುವ ಮೊದಲೇ ಬಣ್ಣ ಹೊಡೆಸಿದವನು ನಾನೇ.

ಊರಿನ ಹಳೇ ಮನೆಯದು ಸುಣ್ಣದ ಗಾರೆ. ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನೀರಲ್ಲಿ ಅರಳಿಸಿ ಗೋಡೆಗೆ ಬಳಿದಾಗ, ಗಾಳಿಯಿಂದ ಅದನ್ನೇ ಮರಳಿ ಪಡೆದು ನಿಧಾನಕ್ಕೆ ಮತ್ತೆ ಕಲ್ಲಾಗುತ್ತದೆ. ಗೋಡೆಯ ತೇವಕ್ಕೂ ಹೊರಹೋಗಲು ದಾರಿಯಿರುತ್ತದೆ. 17ನೇ ಶತಮಾನದ ವಿಜಯಪುರದ ಗೋಳಗುಮ್ಮಟ ನಿಂತಿರುವುದೂ ಸುಣ್ಣದ ಗಾರೆಯಲ್ಲೇ.

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. 1914ರಲ್ಲಿ ಗುಜರಾತಿನ ಪೋರಬಂದರಿನಲ್ಲಿ ಸಿಮೆಂಟ್ ಕಾರ್ಖಾನೆ ಉತ್ಪಾದನೆ ಶುರುಮಾಡಿತು. ಬೇಗ ಗಟ್ಟಿಯಾಗುವ ಸಿಮೆಂಟು ಗೆದ್ದಿತು. ಅದರ ಮೇಲೆ ವರ್ಷಗಟ್ಟಲೆ ಬಾಳುವ ಬಣ್ಣ ಬಂತು. ಗೋಡೆಯನ್ನು ವರ್ಷಕ್ಕೊಮ್ಮೆ ಕಣ್ಣಿಟ್ಟು ನೋಡುವ ರೂಢಿ ತಪ್ಪಿತು.

ಸುಣ್ಣ ಮಳೆಗೆ ತೊಳೆದುಹೋಗುತ್ತಿತ್ತು. ಹಾಗಾಗಿ ಪ್ರತಿ ಯುಗಾದಿಗೆ ಮೊದಲು ಅಪ್ಪ ಬಿರುಕುಗಳಿಗೆ ಗಾರೆ ತುಂಬಿ ಸುಣ್ಣ ಬಳಿಯುತ್ತಿದ್ದರು. ಹುಡುಗನಾಗಿ ಬಕೆಟ್ ಹಿಡಿದು ನಿಂತಿದ್ದ ನಾನು ಅದನ್ನು ಬರೀ ಹಬ್ಬದ ತಯಾರಿ ಅಂದುಕೊಂಡಿದ್ದೆ. ಮಳೆಗೆ ಮುಂಚೆ ಮನೆಯ ತಪಾಸಣೆಯೂ ಅಲ್ಲೇ ಮುಗಿಯುತ್ತಿತ್ತು.

ಈ ಬೇಸಿಗೆ ಆ ಬಣ್ಣವನ್ನೆಲ್ಲ ಕೆರೆಸಿದ್ದೇನೆ. ಗೋಡೆ ಒಣಗುತ್ತಿದೆ. ಅಪ್ಪ ದಿನಾ ಫೋನಿನಲ್ಲಿ ಕೇಳುತ್ತಾರೆ: "ಆರಿತೇನೋ?"